ಮೂವತ್ತೆರಡನೇ ಗೆರೆಯ ಇರುವೆ

ಮಾರ್ಚ್ 4, ಸೋಮವಾರ. ಬೆಳಿಗ್ಗೆ 8.40

ಮೂರರಲ್ಲಿ ಎರಡು ಬಂದವು. ಮೇಷ್ಟ್ರ ಫೋಟೋ ಎಂಟಕ್ಕೆ ಸರಿಯಾಗಿ — ಅದನ್ನ ನೋಡಿ ಗಡಿಯಾರ ತಿದ್ದಿಕೊಳ್ಳಬಹುದು. ಗೋಡೆಯ ಬಿರುಕಿಗೆ ಅಡ್ಡಲಾಗಿ ಸ್ಟೀಲ್ ಸ್ಕೇಲು, ಪಕ್ಕದಲ್ಲಿ ತಾರೀಖಿನ ಚೀಟಿ. 4 ಮಿ.ಮೀ. ಬೇಕರಿಯವನದ್ದು ಹತ್ತು ನಿಮಿಷ ತಡ, ಸ್ಕೇಲಿಗೆಲ್ಲ ಮೈದಾ. 5 ಮಿ.ಮೀ. ಟೈಲರಮ್ಮನದ್ದು ಇನ್ನೂ ಇಲ್ಲ. ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದೆ?

ಅಳತೆ ಶುರುವಾಗಿ ಇದು ಆರನೇ ವಾರ. ಯೂನಿವರ್ಸಿಟಿಯ ನಮ್ಮ ಡಿಪಾರ್ಟ್‌ಮೆಂಟಿನ ಮೆಟ್ಟಿಲಲ್ಲಿ ಜಾರಿ ಪಾದದ ಮೂಳೆ ಮುರೀದೇ ಇದ್ದಿದ್ರೆ ಇಷ್ಟು ಹೊತ್ತಿಗೆ ನಾನೇ ಆ ಗುಡ್ಡದ ಬಡಾವಣೆಯಲ್ಲಿ ಇರ್ತಿದ್ದೆ. ಒಂದೂವರೆ ದಿನದ ದಾರಿ. ಈಗ ಮಂಚದ ಮೇಲೆ ಕಾಲು ಚಾಚಿಕೊಂಡು ಫೀಲ್ಡ್‌ವರ್ಕ್. ಪ್ರತಿ ಸೋಮವಾರ ಅಲ್ಲಿನ ಮೂರು ಮನೆಯವರಿಂದ ಬಿರುಕಿನ ಫೋಟೋ, ಆಗಾಗ ವಿಡಿಯೋ ಕಾಲ್‌ನಲ್ಲಿ ಅವರ ಮನೆಯೊಳಗೆ ಒಂದು ಸುತ್ತು. ಗುಡ್ಡ ಜಾರ್ತಿದೆಯಾ, ಜಾರಿದ್ರೆ ಎಷ್ಟು — ಅಲ್ಲಿನ ನಗರ ಕಚೇರಿಗೆ ನಾವು ಹೇಳಬೇಕು. ಬಿರುಕು ಹದಿನೈದು ಮಿ.ಮೀ. ದಾಟಿದವರಿಗೆ ಕೆಳಗಿನ ಸಮತಟ್ಟು ಜಾಗದಲ್ಲಿ ಹೊಸ ಮನೆ ಅಂತ ಕಚೇರಿಯವರು ಸಾರಿಬಿಟ್ಟಿದ್ದಾರೆ. ಸಾರಬಾರದಿತ್ತು. ಇನ್ನು ಯಾರ ಬಿರುಕನ್ನ ನಂಬೋದು?

9.35

ಟೈಲರಮ್ಮ ಕಳಿಸಿದಳು. ಸ್ಕೇಲಲ್ಲ, ಹೊಲಿಗೆಯ ಟೇಪು. ಫೋಟೋ ವಾರೆ. ಕಣ್ಣು ಕಿರಿದು ಮಾಡಿ ನೋಡಿದ್ರೆ 6.

ಮಾರ್ಚ್ 5, ಮಂಗಳವಾರ

ಟೈಲರಮ್ಮನ ಹಳೇ ಫೋಟೋಗಳನ್ನ ಸಾಲಾಗಿಟ್ಟು ನೋಡಿದೆ. ಬಲಗಡೆ ಅಂಚಿನಲ್ಲಿ ಕಿಟಕಿಯ ಪರದೆ. ನಾಲ್ಕು ವಾರದಿಂದ ಅದೇ ಐದು ಮಡಿಕೆ, ಅದೇ ಇಳಿತ. ಬಟ್ಟೆ ಅಂದಮೇಲೆ ಅಲ್ಲಾಡಬೇಡವಾ? ಒಂದೇ ದಿನ ನಾಲ್ಕು ಫೋಟೋ ತೆಗೆದಿಟ್ಟುಕೊಂಡು ವಾರಕ್ಕೊಂದು ಕಳಿಸ್ತಿದ್ದಾಳಾ?

ನೇರವಾಗಿ ಕೇಳಲಿಲ್ಲ. ಪರದೆ ಚೆನ್ನಾಗಿದೆ, ಯಾವಾಗ ಹಾಕಿದ್ದು ಅಂತ ಮೆಸೇಜ್ ಹಾಕಿದೆ. ವಾಯ್ಸ್ ಮೆಸೇಜ್ ಬಂತು, ಹಿಂದುಗಡೆ ಮೆಷೀನಿನ ಕಟಕಟ. ಮಡಿಕೆ ಹಿಡಿದು ಒಳಗಿಂದ ಹೊಲಿಗೆ ಹಾಕಿದ್ದಾಳಂತೆ, ಹತ್ತು ವರ್ಷ ಆದ್ರೂ ಹಾಗೇ ಬೀಳುತ್ತಂತೆ. ನಿಮಗೂ ಬೇಕಾದ್ರೆ ಕಿಟಕಿಯ ಅಳತೆ ಕಳಿಸಿ ಮೇಡಂ ಅಂದಳು.

ಉತ್ತರ ಸರಿಯಾಗೇ ಇದೆ. ಅಷ್ಟು ಸರಿಯಾಗಿರೋದೇ ಸರಿಯಿಲ್ಲ ಅನ್ನಿಸ್ತು.

ಅಕ್ಕನಿಗೆ ಹೇಳಿದೆ. ನನ್ನ ಕಾಲು ನೆಟ್ಟಗಾಗೋವರೆಗೆ ಬಂದು ನಿಂತಿದ್ದಾಳೆ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ರಿಟೈರ್ ಆದವಳು. "ಮೂವತ್ತು ವರ್ಷ ನೋಡಿದೀನಿ ಕಣೇ. ಟಿಕೆಟ್ ಇರೋನೇ ಜೇಬೆಲ್ಲ ತಡಕಾಡಿ ಬೆವರೋದು. ಇಲ್ಲದೋನು ಆರಾಮಾಗಿ ಪೇಪರ್ ಓದ್ತಿರ್ತಾನೆ" ಅಂದಳು. ಎಲ್ಲದಕ್ಕೂ ಅವಳ ಹತ್ತಿರ ಒಂದು ರೈಲಿನ ಕಥೆ.

ಮಾರ್ಚ್ 11, ಸೋಮವಾರ

ಮೇಷ್ಟ್ರು 4. ಬೇಕರಿ 5. ಟೈಲರಮ್ಮ 7.

ಇವತ್ತು ಬೆಳಕು ಗಮನಿಸಿದೆ. ಅವಳ ಕಿಟಕಿ ಪಶ್ಚಿಮಕ್ಕೆ. ಬೆಳಿಗ್ಗೆ ತೆಗೆದದ್ದು ಅಂತಾಳೆ, ಆದ್ರೆ ಗೋಡೆ ಮೇಲೆ ಬಿಸಿಲು ಕಿಟಕಿಯಿಂದಲೇ ಬಿದ್ದಿದೆ. ಸೂರ್ಯ ಅವಳಿಗೋಸ್ಕರ ದಿಕ್ಕು ಬದಲಾಯಿಸಿದನಾ? ಕೇಳಿದೆ. ಎದುರು ಮನೆಯವರು ಮಾಡಿಗೆ ಹೊಸ ತಗಡು ಹಾಕಿಸಿದ್ದಾರಂತೆ, ಬೆಳಗಿನ ಬಿಸಿಲು ಅದಕ್ಕೆ ಹೊಡೆದು ಇವಳ ಮನೆಗೆ ವಾಪಸ್ ಬರುತ್ತಂತೆ. ಉಪಗ್ರಹದ ಚಿತ್ರ ತೆರೆದು ನೋಡಿದೆ. ತಗಡು ಇಲ್ಲ. ಚಿತ್ರ ಎರಡು ವರ್ಷ ಹಳೇದು, ನಿಜ. ಆದ್ರೂ.

ಮೇಷ್ಟ್ರಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ. ಮೂವತ್ತೈದು ವರ್ಷ ಹೈಸ್ಕೂಲಲ್ಲಿ ಭೂಗೋಳ ಹೇಳಿಕೊಟ್ಟವರು. ನಮ್ಮ ಪೈಕಿ. ಒಂದು ಮಾತು ಹೇಳಿದ್ರೆ ಹತ್ತು ತಿಳ್ಕೋತಾರೆ. ಎಲ್ಲರೂ ನಿಮ್ಮ ಹಾಗೆ ಇದ್ದಿದ್ರೆ ಅಂದೆ. ಅಳತೆ ಅಂದ್ರೆ ಶಿಸ್ತು ಕಣಮ್ಮಾ ಅಂದರು.

ಮಾರ್ಚ್ 14, ಗುರುವಾರ. ಮಧ್ಯಾಹ್ನ 3

ಟೈಲರಮ್ಮನ ಮನೆಯ ವಿಡಿಯೋ ಸುತ್ತು. ಮುಂದಿನ ಕೋಣೆ: ಮೆಷೀನು, ಕತ್ತರಿಸೋ ಮೇಜು, ಗೋಡೆ ತುಂಬ ಗಿರಾಕಿಗಳ ಬಟ್ಟೆಗಂಟು, ಒಂದೊಂದಕ್ಕೂ ಚೀಟಿ. ಅಡುಗೆಮನೆ: ಒಂದು ಕಿಟಕಿ, ಎರಡು ಒಲೆ. ಬಿರುಕು ಕಿಟಕಿಯ ಮೂಲೆಯಿಂದ ಹೊರಟು ನೆಲಕ್ಕೆ ಇಳಿದಿದೆ. ಹಿಂದಿನ ಕೋಣೆಯ ಬಾಗಿಲು ಬಂದಾಗಲೆಲ್ಲ ಫೋನು ಪಟ್ಟನೆ ತಿರುಗುತ್ತೆ. ಮೂರು ಸಲ ಎಣಿಸಿದೆ.

ಆ ಕೋಣೆ ತೋರಿಸಿ ಅಂದೆ. ಅದು ಬೇಡ ಮೇಡಂ ಅಂದಳು. ಒಳಗೆ ಯಾರೋ ಕೆಮ್ಮಿದ ಹಾಗಾಯ್ತು. ಹೊಸಿಲ ಹತ್ತಿರ ನೆಲ ಒದ್ದೆ. ಅದೇನು ಅಂದ್ರೆ, ಮೇಲಿನ ನೀರಿನ ಟ್ಯಾಂಕ್ ಒಸರ್ತಿದೆ, ಕಚೇರಿಗೆ ನಾಲ್ಕು ಸಲ ಹೇಳಿದೀವಿ ಅಂದಳು. ಟ್ಯಾಂಕಿನ ಮಾತು ಮೇಷ್ಟ್ರು ಒಂದು ಸಲವೂ ಎತ್ತಿಲ್ಲ. ಅವರ ಮನೆ ಟ್ಯಾಂಕಿಗೆ ಇನ್ನೂ ಹತ್ತಿರ.

ಏನಿಟ್ಟಿದ್ದಾಳೆ ಆ ಕೋಣೆಯಲ್ಲಿ? ಉಳಿ, ಸುತ್ತಿಗೆ?

ಅಕ್ಕ ಪಕ್ಕದಲ್ಲೇ ಕೂತು ಕೇಳಿಸಿಕೊಳ್ತಿದ್ದಳು. ನೀನು ಗೋಡೆ ನೋಡ್ತಿದೀಯೋ ಅವಳನ್ನ ನೋಡ್ತಿದೀಯೋ ಅಂದಳು. ಎರಡೂ ಅಂದೆ. ಕಾಮಾಲೆ ಕಣ್ಣು ಅಂತ ಗೊಣಗಿಕೊಂಡು ಒಳಗೆ ಹೋದಳು.

ಮಾರ್ಚ್ 18, ಸೋಮವಾರ

ಮೇಷ್ಟ್ರು 4. ಬೇಕರಿ 5. ಟೈಲರಮ್ಮ — 19.

ಏಳು ಇದ್ದದ್ದು ಒಂದೇ ವಾರದಲ್ಲಿ ಹತ್ತೊಂಬತ್ತು! ಎರಡು ಮನೆ ಮೇಲಿರೋ ಮೇಷ್ಟ್ರ ಗೋಡೆ ಎಳ್ಳಷ್ಟೂ ಅಲುಗಿಲ್ಲ, ಇವಳದ್ದು ಮಾತ್ರ ಬಾಯಿ ಬಿಟ್ಟಿದೆ. ಹದಿನೈದಕ್ಕೆ ಹೊಸ ಮನೆ. ಹತ್ತೊಂಬತ್ತು ಅಂದ್ರೆ ಗ್ಯಾರಂಟಿ ಮನೆ.

ಮೇಷ್ಟ್ರಿಗೆ ಫೋನ್ ಮಾಡಿದೆ. ಬೇರೆಯವರ ಮನೆ ವಿಷಯ ನನಗೆ ಬೇಡಮ್ಮ ಅಂದರು. ಬಲವಂತ ಮಾಡಿದೆ. ಕಡೆಗೆ, ಹೊಸ ಮನೆ ಅಂದ್ರೆ ಜನ ಉಳಿ ಹಿಡಿಯೋದು ಹೊಸದೇನಲ್ಲ ಅಂದರು. ಯಾರ ಹೆಸರೂ ಎತ್ತಲಿಲ್ಲ. ಎತ್ತಬೇಕಾಗೂ ಇರಲಿಲ್ಲ.

ಮಾರ್ಚ್ 19, ಮಂಗಳವಾರ

ಮಧ್ಯಂತರ ರಿಪೋರ್ಟ್ ಕಳಿಸಿದೆ. "ಎರಡು ಮನೆಗಳು ಸ್ಥಿರ. ಒಂದು ಮನೆಯ ಮಾಹಿತಿ ಅನುಮಾನಾಸ್ಪದ, ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ತುರ್ತು ಇಲ್ಲ." ಶೀಟಿನಲ್ಲಿ ಅವಳ ಸಾಲಿಗೆ ಹಳದಿ ಬಣ್ಣ ಬಳಿದೆ. ಪ್ರಾಜೆಕ್ಟಿನ ಮುಖ್ಯಸ್ಥರು, ನಮ್ಮ ಸರ್, ಮಂಚದ ಮೇಲಿಂದ ಇಷ್ಟು ಅಚ್ಚುಕಟ್ಟಾದ ಕೆಲಸ ನಾನು ನೋಡಿಲ್ಲ ಅಂದರು. ಖುಷಿಯಾಯ್ತು. ಬರೆದಿಡ್ತಿದೀನಿ.

ನಗರ ಕಚೇರಿಯವರು ಈ ತಿಂಗಳ ಸ್ಥಳ ಪರಿಶೀಲನೆಯನ್ನ ಮೇ ತಿಂಗಳಿಗೆ ಮುಂದೂಡಿದರಂತೆ.

ಮಾರ್ಚ್ 21, ಗುರುವಾರ. ಸಂಜೆ 5

ಟೈಲರಮ್ಮನಿಗೆ ಕಾಲ್ ಮಾಡಿದೆ. ಎಂದಿನಂತೆ ಅವಳ ಫೋನು ಗೋಡೆ ಕಡೆ, ನನ್ನ ಮುಖ ಅವಳ ಕಡೆ. ಬಿರುಕಿನ ಅಂಚನ್ನ ಹತ್ತಿರದಿಂದ ತೋರಿಸಿ ಅಂದೆ. ತೋರಿಸಿದಳು. ಉಳಿಯ ಗುರುತು ಹುಡುಕಿದೆ. ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಸಿಟ್ಟು ಬಂತು. ಗೋಡೆಗೆ ಯಾರಾದ್ರೂ ಏನಾದ್ರೂ ಮಾಡಿದ್ರಾ ಅಂತ ಕೇಳೇಬಿಟ್ಟೆ.

ಫೋನು ಗೋಡೆಯಿಂದ ನೆಲಕ್ಕೆ ಇಳೀತು. ಆಮೇಲೆ ಅಂದಳು — ಇದ್ದ ಹಾಗೇ ಬರೀತೀನಿ —

"ಬಟ್ಟೆ ಹೊಲಿಯೋಳು ಮೇಡಂ ನಾನು. ಅರ್ಧ ಇಂಚು ಸುಳ್ಳು ಹೇಳಿದ್ರೆ ಗಿರಾಕಿ ಬಗಲಲ್ಲಿ ಹರಿಯುತ್ತೆ. ಎರಡು ತಿಂಗಳಿಂದ ನನ್ನ ಮನೆ ನೋಡ್ತಿದೀರಿ. ಎಲ್ಲಿ ಉಣ್ತೀವಿ, ಎಲ್ಲಿ ಮಲಗ್ತೀವಿ, ಎಲ್ಲ. ನಿಮ್ಮ ಬೆನ್ನ ಹಿಂದೆ ಇರೋದು ಗೋಡೆನಾ ಮಂಜಾ, ನನಗೆ ಇವತ್ತಿಗೂ ಗೊತ್ತಿಲ್ಲ. ಒಂದ್ಸಲ ನಿಮ್ಮ ಮನೆ ತೋರಿಸಿ ನೋಡೋಣ."

ನಾನು ಹಿನ್ನೆಲೆ ಮಸುಕು ಮಾಡಿಟ್ಟುಕೊಂಡೇ ಮಾತಾಡೋದು. ಒಗೆಯೋ ಬಟ್ಟೆ, ಮಾತ್ರೆ, ಬೆಡ್‌ಪ್ಯಾನು... ಅದು ನಮ್ಮ ಕ್ರಮದಲ್ಲಿ ಇಲ್ಲ ಅಂದೆ.

"ಸರಿ. ಹಿಂದಿನ ಕೋಣೇಲಿ ನಮ್ಮತ್ತೆ ಇದಾರೆ. ಹಾಸಿಗೆ ಹಿಡಿದು ವರ್ಷ ಆಯ್ತು. ಅವರನ್ನ ನಾನು ಯಾರಿಗೂ ತೋರಿಸಲ್ಲ. ಗೋಡೆ ನಾನೇ ಒಡೆದೆ ಅಂತ ಬರ್ಕೊಳ್ಳಿ. ನಿಮಗೆ ಬೇಕಾಗಿರೋದು ಅದೇ ತಾನೇ."

ದನಿ ಎತ್ತಲಿಲ್ಲ. ಕಟ್ ಮಾಡಿದಳು.

ಅತ್ತೆ ಇರಬಹುದು. ಉಳಿಯೂ ಇರಬಹುದು.

ಮಾರ್ಚ್ 25, ಸೋಮವಾರ

ಮೇಷ್ಟ್ರು 4. ಬೇಕರಿ 6. ಟೈಲರಮ್ಮ ಕಳಿಸಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡಳಂತೆ.

ಏಪ್ರಿಲ್ 8, ಸೋಮವಾರ. ಬೆಳಿಗ್ಗೆ 10.15

ಎರಡು ವಾರ ಬರೀಲಿಲ್ಲ. ಪ್ಲಾಸ್ಟರ್ ಬಿಚ್ಚಿದರು, ಊರುಗೋಲು ಹಿಡಿದು ಅಡುಗೆಮನೆವರೆಗೆ ನಡೆದೆ, ಹೊತ್ತು ಹೋಗಿದ್ದೇ ತಿಳೀಲಿಲ್ಲ. ಟೈಲರಮ್ಮನಿಂದ ಏನೂ ಇಲ್ಲ. ಬೇಕರಿಯವನದ್ದು 8 ಆಗಿದೆ. ಅದನ್ನೂ ಬರೀ ಶೀಟಿಗೆ ತುಂಬಿ ಸುಮ್ಮನಾದೆ.

ಇವತ್ತು ಸಭೆಯೊಂದಕ್ಕೆ ಪೋಸ್ಟರ್ ಮಾಡೋಣ ಅಂತ ಮೇಷ್ಟ್ರ ಫೋಟೋಗಳನ್ನ ಮೊದಲ ಸಲ ಪೂರ್ತಿ ದೊಡ್ಡದು ಮಾಡಿದೆ. ಹೌದು, ಮೊದಲ ಸಲ. ಅವರದ್ದನ್ನ ದೊಡ್ಡದು ಮಾಡಿ ನೋಡೋ ಪ್ರಮೇಯವೇ ಬಂದಿರಲಿಲ್ಲ. ಅಂಕಿ ಓದೋದು, ಶೀಟಿಗೆ ಹಾಕೋದು.

ಸ್ಕೇಲಿನ ಮೂವತ್ತೆರಡನೇ ಗೆರೆಯ ಮೇಲೆ ಒಂದು ಇರುವೆ. ಕಪ್ಪು, ಸಣ್ಣದು, ತಲೆ ಎಡಕ್ಕೆ.

ಹಿಂದಿನ ವಾರದ್ದು ತೆರೆದೆ. ಮೂವತ್ತೆರಡನೇ ಗೆರೆ. ಇರುವೆ. ತಲೆ ಎಡಕ್ಕೆ.

ಅದರ ಹಿಂದಿನದ್ದು. ಅದರ ಹಿಂದಿನದ್ದು.

ಐದನೇ ವಾರದಿಂದ ಹನ್ನೊಂದನೇ ವಾರದವರೆಗೆ ಏಳು ಫೋಟೋ. ಚೀಟಿಯ ತಾರೀಖು ಏಳು ಥರ. ಇರುವೆ ಒಂದೇ.

ಮತ್ತೆ ನೋಡಿದೆ. ಸ್ಕೇಲಿನ ನೆರಳು ಬಲಕ್ಕೆ ಬಿದ್ದಿದೆ. ಚೀಟಿಯ ನೆರಳು ಎಡಕ್ಕೆ. ಒಂದು ಗೋಡೆಗೆ ಎರಡು ಸೂರ್ಯ. ಐದನೇ ವಾರದ ಫೋಟೋವನ್ನ ಅಳತೆಗೆ ತಕ್ಕ ಹಾಗೆ ಪ್ರಿಂಟ್ ಹಾಕಿಸಿ, ಬೇರೆ ಗೋಡೆಗೆ ಅಂಟಿಸಿ, ವಾರ ವಾರ ಚೀಟಿ ಬದಲಾಯಿಸಿ ಅದರ ಫೋಟೋ ತೆಗೆದಿದ್ದಾರೆ. ಮೂಲೆಯಲ್ಲಿ ಕಾಗದ ಸುರುಳಿ ಎದ್ದಿರೋದೂ ಕಾಣ್ತಿದೆ.

ಬೇಕರಿಯವನ ಫೋಟೋಗಳನ್ನೂ ದೊಡ್ಡದು ಮಾಡಿದೆ. ಅವನ ಕಿಟಕಿಯಾಚೆ, ಕೆಳಗಿನ ಸಾಲಿನಲ್ಲಿ, ಕಣ್ಣು ಕುಕ್ಕೋ ಹೊಸ ತಗಡಿನ ಮಾಡು.

ಕಾಫಿ ಚೆಲ್ಲಿದೆ. ಅಕ್ಕ ಏನಾಯ್ತು ಅಂತ ಕೇಳ್ತಿದ್ದಾಳೆ.

11.50

ಮೇಷ್ಟ್ರಿಗೆ ವಿಡಿಯೋ ಕಾಲ್ ಮಾಡಿದೆ. ಇರುವೆಯ ವಿಷಯ ಹೇಳಿದೆ. ಅಲ್ಲಗಳೆಯಲಿಲ್ಲ. ಎದ್ದು, ಫೋನ್ ಹಿಡಿದುಕೊಂಡು ನಿಜವಾದ ಗೋಡೆಯ ಹತ್ತಿರ ಹೋದರು. ಕೈ ಚಾಚಿದರು. ಬೆರಳು ಒಳಗೆ ಹೋಯ್ತು, ಅಂಗೈ ಹೋಯ್ತು, ಮಣಿಕಟ್ಟಿನವರೆಗೆ ಗೋಡೆ ನುಂಗಿತು.

"ಆರನೇ ವಾರ ಹನ್ನೊಂದಾಯ್ತಮ್ಮ. ಕಳಿಸೋಕೆ ಕೈ ಬರಲಿಲ್ಲ. ಈ ಬಡಾವಣೆಗೆ ಜಾಗ ಆರಿಸಿದ್ದೇ ನಾನು. ಭೂಗೋಳದ ಮೇಷ್ಟ್ರು ಹೇಳಿದ್ದಾರೆ, ಗುಡ್ಡ ಗಟ್ಟಿಯಾಗಿದೆ ಅಂತ ನಲವತ್ತು ಮನೆಯೋರು ನನ್ನ ಮಾತು ನಂಬಿ ಕಟ್ಟಿದರು. ಈಗ ಯಾವ ಮುಖ ಇಟ್ಕೊಂಡು ಹೇಳಲಿ?"

ನಾನು ಬೈಯಲಿಲ್ಲ. ಬೈಯೋ ಯೋಗ್ಯತೆ ಹುಡುಕಿದೆ, ಸಿಗಲಿಲ್ಲ. ಇವತ್ತೇ ಮನೆ ಬಿಡಿ ಅಂದೆ. ಆಯ್ತು ಅಂದರು. ಆ ಆಯ್ತು ನನಗೆ ನಂಬಿಕೆ ಬರಲಿಲ್ಲ.

ಮಧ್ಯಾಹ್ನ 1.30

ಸರ್‌ಗೆ ಹೇಳಿದೆ. ಆತುರ ಬೇಡ, ಇನ್ನೊಂದು ವಾರ ನೋಡೋಣ ಅಂದರು. ನೋಡೋಕೆ ಆಗಲ್ಲ ಸರ್ ಅಂದೆ. ನಾನೇ ನಗರ ಕಚೇರಿಯ ಎಂಜಿನಿಯರಿಗೆ ಫೋನ್ ಮಾಡಿದೆ. ನಿಮ್ಮ ರಿಪೋರ್ಟಲ್ಲಿ ತುರ್ತು ಇಲ್ಲ ಅಂತಿದೆಯಲ್ಲ ಮೇಡಂ ಅಂದ. ತಪ್ಪು, ನನ್ನ ತಪ್ಪು ಅಂದೆ. ಗುರುವಾರ ಬರ್ತೀನಿ ಅಂದ. ಇವತ್ತು ಬನ್ನಿ ಅಂದೆ. ಗುರುವಾರ ಅಂದ.

ಟೈಲರಮ್ಮನಿಗೆ ಆರು ಸಲ ಮಾಡಿದೆ. ಎತ್ತಲಿಲ್ಲ. ಬೇಕರಿಯವನು ಎತ್ತಿದ. ಟೈಲರಮ್ಮ ಹೋದ ವಾರವೇ ಟೇಪು ಹಿಡಿದು ಮನೆಮನೆಗೂ ಹೋಗಿ ಗೋಡೆ ಅಳೆದಳಂತೆ. ಕೆಳಗಿನ ಸಾಲಿನ ಹನ್ನೊಂದು ಮನೆಯವರನ್ನ ಕಟ್ಟಿಕೊಂಡು, ಅತ್ತೆಯನ್ನ ಮಂಚದ ಸಮೇತ ಹೊರಿಸಿಕೊಂಡು, ಶಾಲೆಯ ಹಾಲ್‌ಗೆ ಹೋಗಿಬಿಟ್ಟಿದ್ದಾಳಂತೆ. ಮೇಲಿನ ಸಾಲಿನವರು ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಅಂತ ಕೇಳಿದೆ.

"ನಿಮ್ಮ ರಿಪೋರ್ಟ್ ಬಂತಲ್ಲ ಮೇಡಂ, ತುರ್ತು ಇಲ್ಲ ಅಂತ. ಮೇಷ್ಟ್ರು ತಂದುಕೊಟ್ಟರು. ಅಂಗಡಿ ಗೋಡೆ ಮೇಲೆ ಅಂಟಿಸಿದೀನಿ, ಎಲ್ಲರಿಗೂ ಧೈರ್ಯ ಇರಲಿ ಅಂತ."

ಕಿತ್ತು ಹಾಕಿ ಅಂದೆ. ಎಲ್ಲರೂ ಇಳಿದು ಹೋಗಿ ಅಂದೆ. ಎರಡೆರಡು ಸಲ, ಮೂರು ಮೂರು ಸಲ. ಅವನ ದನಿಯಲ್ಲಿ ಅನುಮಾನ. ಯಾಕಿರಬಾರದು? ಮೂರು ವಾರದ ಹಿಂದೆ ಸ್ಥಿರ ಅಂದವಳು ಇವತ್ತು ಓಡಿ ಅಂತಿದ್ದಾಳೆ.

ಏಪ್ರಿಲ್ 10, ಬುಧವಾರ. ಸಂಜೆ

ಮೇಲಿನ ಸಾಲಿನವರು ಇಳಿದರಂತೆ. ನನ್ನ ಮಾತಿಗಲ್ಲ. ಟೈಲರಮ್ಮ ಮತ್ತೆ ಹತ್ತಿ ಹೋಗಿ ಒಂದೊಂದೇ ಬಾಗಿಲು ತಟ್ಟಿ ಕರಕೊಂಡು ಬಂದರಂತೆ. ಮೇಷ್ಟ್ರು ಕದ ತೆಗೀಲಿಲ್ಲ. ಟೈಲರಮ್ಮ ಅವರ ಮೆಟ್ಟಿಲ ಮೇಲೆ ಎರಡು ಗಂಟೆ ಕೂತಿದ್ದರಂತೆ. ಕಡೆಗೆ ಮೇಷ್ಟ್ರೇ ಕದ ತೆಗೆದು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಂದರಂತೆ. ಇಷ್ಟೂ ಬೇಕರಿಯವನ ಬಾಯಿಂದ. ಅವನೂ ಹೆಂಡತಿಯನ್ನ ಕಳಿಸಿದ್ದಾನೆ, ತಾನು ಮಾತ್ರ ಹಗಲು ಅಂಗಡಿಗೆ ಬಂದು ಹೋಗ್ತಾನೆ. ನಾಳೆ ಎಂಜಿನಿಯರ್ ನೋಡಿಹೋದ ಮೇಲೆ ಮುಚ್ತಾನಂತೆ.

ಏಪ್ರಿಲ್ 11, ಗುರುವಾರ. ಬೆಳಿಗ್ಗೆ 11.25

ಈಗ ನೋಡಿದ್ದು. ಮರೆಯೋ ಮುಂಚೆ.

11.05ಕ್ಕೆ ಬೇಕರಿಯವನ ವಿಡಿಯೋ ಕಾಲ್. ಎಂಜಿನಿಯರ್ ಬಂದಿದ್ದಾರೆ, ಮಾತಾಡಿ ಅಂತ. ಜೀಪು ಕಾಣ್ತು, ಎಂಜಿನಿಯರನ ಬೂಟು ಕಾಣ್ತು, ಹಿಂದೆ ರಸ್ತೆಯ ಲೈಟ್ ಕಂಬ. ಕಂಬ ನಿಧಾನಕ್ಕೆ ಎಡಕ್ಕೆ ವಾಲ್ತಿತ್ತು.

ಫೋನ್ ವಾರೆ ಹಿಡಿದಿದ್ದಾನೆ ಅಂದುಕೊಂಡೆ. ಆಗಲೂ. ನೆಟ್ಟಗೆ ಹಿಡೀರಿ ಅಂತ ಹೇಳಿದೆ ಕೂಡ.

ಎಂಜಿನಿಯರ್ ಕೂಗಿದ. ಬೇಕರಿಯವನು ಒಲೆ ಆರಿಸಬೇಕು ಅಂದ. ಫೋನು ಅವನ ಕೈಯಲ್ಲೇ ಅಂಗಡಿಯೊಳಗೆ ಓಡಿತು — ಬ್ರೆಡ್ಡಿನ ಟ್ರೇ, ನೆಲ, ಮತ್ತೆ ನೆಲ — ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದು, ನಿಲ್ಲಲೇ ಇಲ್ಲ. ಆಮೇಲೆ ಚಿತ್ರ ಹಾಗೇ ನಿಂತುಬಿಡ್ತು. ಒಂದು ಟ್ರೇಯ ಮೂಲೆ, ಅರ್ಧ ಕೈ.

ಇಪ್ಪತ್ತು ನಿಮಿಷದಿಂದ ಯಾರಿಗೂ ಲೈನ್ ಸಿಗ್ತಿಲ್ಲ. ಅಕ್ಕ ಪಕ್ಕದಲ್ಲಿ ಕೂತಿದ್ದಾಳೆ. ರೈಲಿನ ಕಥೆ ಏನೂ ಹೇಳ್ತಿಲ್ಲ.

ಏಪ್ರಿಲ್ 12, ಶುಕ್ರವಾರ

ಬದುಕಿದ್ದಾನೆ. ಸೊಂಟದ ಮೂಳೆ ಮುರಿದಿದೆ. ನಲವತ್ತು ನಿಮಿಷ ತೊಲೆಯಡಿ ಇದ್ದನಂತೆ. ಎಂಜಿನಿಯರ್ ಮತ್ತು ಜೀಪಿನ ಡ್ರೈವರ್ ಸೇರಿ ಎಳೆದು ತೆಗೆದರು.

ಹದಿನಾಲ್ಕು ಮನೆ ಹೋದವು. ಮೇಷ್ಟ್ರದ್ದು ಮೊದಲು, ಟೈಲರಮ್ಮನದ್ದು ಅದರ ಬೆನ್ನಿಗೆ. ಒಳಗೆ ಯಾರೂ ಇರಲಿಲ್ಲ. ಟೈಲರಮ್ಮನ ಮೆಷೀನು, ಗಿರಾಕಿಗಳ ಬಟ್ಟೆಗಂಟು, ಎಲ್ಲಾ ಮಣ್ಣಡಿ. ಮೂರು ವಾರ ಮುಂಚೆ ನಾನು ಒಂದು ಅಂಕಿ ನಂಬಿದ್ದಿದ್ರೆ ಮಂಚದ ಜೊತೆ ಮೆಷೀನೂ ಇಳೀತಿತ್ತು. ಬೇಕರಿಯವನು ನಡೀತಿದ್ದ.

ಏಪ್ರಿಲ್ 17, ಬುಧವಾರ. ಮಧ್ಯಾಹ್ನ

ಗುಡ್ಡ ಕುಸಿದದ್ದರ ವಿಚಾರಣೆಗೆ ನಮ್ಮ ಶೀಟ್ ಕೇಳಿದ್ದಾರೆ. ಸರ್ ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದರು. ಬಹಳ ಮೃದುವಾಗಿ. "ಅನುಮಾನಾಸ್ಪದ ಅನ್ನೋದನ್ನ 'ಪರಿಶೀಲನೆಯಲ್ಲಿದೆ' ಅಂತ ಮಾಡಿ ಕಳಿಸಿ. ಸುಳ್ಳೇನಲ್ಲವಲ್ಲ, ನೀವು ಪರಿಶೀಲಿಸ್ತಾನೇ ಇದ್ರಿ" ಅಂದರು. ಇಷ್ಟು ಮೃದು ಮಾತು ಅವರದ್ದು ನಾನು ಕೇಳಿಲ್ಲ.

ಬದಲಾಯಿಸಿದೆ. ಹೌದು. ಒಂದು ಪದ ಅಳಿಸಿ ಇನ್ನೊಂದು ಹೊಡೆದೆ, ಹಳದಿ ಬಣ್ಣ ತೆಗೆದೆ. ಎಷ್ಟು ಚೊಕ್ಕವಾಗಿ ಕಾಣ್ತು! ಯಾರಿಗೂ ತಿಳಿಯಲ್ಲ. ಮೇಷ್ಟ್ರಿಗೂ ಮೊದಲ ಸೋಮವಾರ ಹೀಗೇ ಅನ್ನಿಸಿರಬೇಕು.

ಅರ್ಧ ಗಂಟೆ ನೋಡ್ತಾ ಕೂತೆ. ಅಕ್ಕ ಬಂದು ಏನು ಮಾಡ್ತಿದೀಯ ಅಂದಳು. ಹೇಳಿದೆ. ಊರುಗೋಲು ತೆಗೆದು ಗೋಡೆಗೆ ಒರಗಿಸಿ ಹೋದಳು.

ಹಳೇ ಪದವನ್ನೇ ವಾಪಸ್ ಹಾಕಿದೆ. ಹಳದಿಯನ್ನೂ. ಕೆಳಗೆ ಒಂದು ಸಾಲು ಸೇರಿಸಿದೆ: ಈ ಮನೆಯ ಅಳತೆ ನಿಜವಾಗಿತ್ತು, ಕೈಬಿಟ್ಟವಳು ನಾನು. ವಿಚಾರಣೆಯವರಿಗೆ ಕಳಿಸಿದೆ. ಶಾಲೆಯ ಹಾಲ್‌ಗೂ ಒಂದು ಪ್ರತಿ ಕಳಿಸಿದೆ.

ಸಂಜೆ 6

ಮೇಷ್ಟ್ರ ಫೋನ್. ನನ್ನ ಫೋಟೋಗಳನ್ನ ಅಳಿಸಿದೆಯಾ ಅಮ್ಮಾ ಅಂದರು. ಇಲ್ಲ, ಎಲ್ಲಾ ಕಳಿಸಿದೀನಿ ಅಂದೆ. ಸರಿ ಅಂದು ಇಟ್ಟುಬಿಟ್ಟರು. ಅಳಿಸಿರಲಿ ಅಂತಿದ್ದರಾ, ಇರಲಿ ಅಂತಿದ್ದರಾ? ದನಿಯಿಂದ ತಿಳೀಲಿಲ್ಲ. ಊಹಿಸೋಕೆ ಹೋಗಲಿಲ್ಲ.

ಏಪ್ರಿಲ್ 22, ಸೋಮವಾರ

ಎಂಟು ಗಂಟೆಗೆ ಸುಮ್ಮನೆ ಫೋನ್ ನೋಡಿದೆ. ಅಭ್ಯಾಸ. ಮಧ್ಯಾಹ್ನ ಟೈಲರಮ್ಮನ ಮೆಸೇಜ್ ಬಂತು, ತಿಂಗಳ ಮೇಲೆ ಮೊದಲ ಸಲ. "ಶೀಟ್ ಓದಿದೆ. ಉಳಿದ ಮನೆಗಳೂ ಅಳೀಬೇಕು. ಫೋನಲ್ಲಿ ಬೇಡ." ಅಷ್ಟೇ. ಕರೆದದ್ದೋ ಬೈದದ್ದೋ. ಇಪ್ಪತ್ತು ಸಲ ಓದಿದೆ.

ಸರ್ ಶೀಟ್ ಕಳಿಸಿದ ದಿನದಿಂದ ನನ್ನ ಫೋನ್ ಎತ್ತಿಲ್ಲ.

ಏಪ್ರಿಲ್ 29, ಸೋಮವಾರ. ಬಸ್ಸಿನಲ್ಲಿ, 8.10

ಒಂದೂವರೆ ದಿನ ಕೂತು ಪಾದ ಊದಿಕೊಂಡಿದೆ. ಅಕ್ಕ ಪಕ್ಕದಲ್ಲಿ ಗೊರಕೆ. ತಿರುವಿನಲ್ಲಿ ಗುಡ್ಡ ಕಾಣ್ತು. ಫೋಟೋದಲ್ಲಿ ನೋಡಿದ್ದಕ್ಕಿಂತ ಕಡಿದು. ಮಧ್ಯದಲ್ಲಿ ಚರ್ಮ ಸುಲಿದ ಹಾಗೆ ಕೆಂಪು ಮಣ್ಣು. ಉಳಿದ ಮನೆಗಳು ಎರಡೂ ಪಕ್ಕ ಆತುಕೊಂಡು ನಿಂತಿವೆ.

ಬಸ್ಸು ನಿಲ್ತಿದೆ. ಕಿಟಕಿಯಾಚೆ ಏಳೆಂಟು ಜನ ಹೆಂಗಸರು ನಿಂತಿದ್ದಾರೆ. ಇವರಲ್ಲಿ ಟೈಲರಮ್ಮ ಯಾರು? ಅವರ ಮನೆಯ ಪರದೆಯ ಮಡಿಕೆ ಎಷ್ಟು ಅಂತ ಗೊತ್ತು. ಮುಖ ಮಾತ್ರ ಒಂದು ಸಲವೂ ನೋಡಿಲ್ಲ. ನೋಡಬೇಕು ಅಂತ ಕೇಳಿದ್ದೂ ಇಲ್ಲ. ಅವರಿಗೆ ನನ್ನ ಮುಖ ಗೊತ್ತಿದೆ, ಅವರೇ ಗುರುತು ಹಿಡಿದು —

ಒಬ್ಬರು ಇತ್ತಲೇ ಬರ್ತಿದ್ದಾರೆ. ಏನು ಹೇಳಲಿ ಮೊದಲು —